ಎಂಟೂವರೆ ಬಸ್ಸಿನ ಬೀರಲಿಂಗೇಶ್

ಸಾಹುಕಾರರ ಮಗ ಹಂಪೇಶ್ ಆ ಮಾತನ್ನು ಆಫೀಸಿನೊಳಗೆ ಕರೆದು ಕೂಡಿಸಿ ಹೇಳಲಿಲ್ಲ. ಕೊಟ್ಟೂರಿನ ಗ್ಯಾರೇಜಿನ ಮುಂದೆ ತನ್ನ ಬಿಳಿ ಕಾರಿನ ಬಾಗಿಲು ಅರ್ಧ ತೆರೆದು, ಒಂದು ಕಾಲು ಒಳಗಿಟ್ಟುಕೊಂಡೇ ಹೇಳಿದ.

“ಬೀರಾ, ಒಂದನೇ ತಾರೀಖಿನಿಂದ ಕಾರಿಗೆ ಬಂದ್ಬಿಡು. ಅಪ್ಪಾಜಿಗೂ ಈಗ ಒಬ್ರೇ ಓಡಾಡಾಕ ಆಗವಲ್ದು, ನನಗೂ ದಿನಾ ಹಡಗಲಿ, ಹೊಸಪೇಟಿ ಅಂತ ಸುತ್ತಾಟ. ಪಗಾರ ಈಗ ಎಷ್ಟೈತೋ ಅಷ್ಟೇ. ಬಸ್ಸಿನಷ್ಟು ಮೈಕೈ ನೋವಿಲ್ಲ, ಎಸಿ ಒಳಗ ತಣ್ಣಗ ಕುಂತಿರ್ತಿ.”

“ಬಸ್ಸಿಗೆ ಯಾರ್ರಿ?”

“ಬಸ್ಸಿಂದು ನೋಡೋಣ. ನಿಲ್ಲಸ್ತೀವಿ ಅಂತ ನಾನೇನ್ ಅಂದಿಲ್ಲ. ಓಡ್ತತಿ ಅಂತಾನೂ ಹೇಳಾಕ ಬರಲ್ಲ. ನೀನು ಯೋಚನಿ ಮಾಡು, ಒಂದೆರಡು ವಾರದಾಗ ಹೇಳು.”

ಬಾಗಿಲು ಮುಚ್ಚಿತು, ಕಾರು ಹೋಯಿತು. ಗಾಜು ಒರೆಸುವ ಬಟ್ಟೆ ಹಿಡಿದುಕೊಂಡು ಬೀರಲಿಂಗೇಶ್ ನಿಂತಲ್ಲೇ ನಿಂತಿದ್ದ. ಅವನಿಗೆ ಸಿಟ್ಟು ಬಂದರೆ ಬಾಯಿ ಜೋರಾಗುತ್ತಿರಲಿಲ್ಲ, ಕಿವಿ ಕೆಂಪಾಗುತ್ತಿತ್ತು. ಆವತ್ತು ಎರಡೂ ಕಿವಿ ಸುಡುತ್ತಿದ್ದವು. ಯಾಕೆ ಸಿಟ್ಟು ಎಂದು ಕೇಳಿದ್ದರೆ ಮಾತ್ರ ಅವನಿಗೆ ಹೇಳಲು ಬರುತ್ತಿರಲಿಲ್ಲ. ಕೆಲಸ ಹೋಯಿತು ಎಂದು ಯಾರೂ ಹೇಳಿರಲಿಲ್ಲ. ಕೆಲಸ ಕೊಡುತ್ತೇನೆ ಎಂದೇ ಹೇಳಿದ್ದರು.

ಬೀರಲಿಂಗೇಶ್ ತಂಬ್ರಹಳ್ಳಿ ಕಡೆಯ ಕುರಿಗಾರರ ಮನೆಯವನು. ಅಪ್ಪ, ದೊಡ್ಡಪ್ಪ, ಅಣ್ಣಂದಿರು ಎಲ್ಲರೂ ವರ್ಷದ ಆರು ತಿಂಗಳು ಕುರಿಯ ಹಿಂದೆ ಊರು ಬಿಟ್ಟವರು. ಇವನೊಬ್ಬ ಲಾರಿ ಕಲಿತ, ಆಮೇಲೆ ಬಸ್ಸು ಹಿಡಿದ. ಈಗ ನಲವತ್ತನಾಲ್ಕು ವಯಸ್ಸು. ಅದರಲ್ಲಿ ಹತ್ತೊಂಬತ್ತು ವರ್ಷ ನಾಗೇಂದ್ರಪ್ಪ ಸಾಹುಕಾರರ ಹಸಿರು ಬಸ್ಸಿನಲ್ಲೇ ಕಳೆದಿದ್ದ. ಬೆಳಿಗ್ಗೆ ಎಂಟೂವರೆಗೆ ಕೂಡ್ಲಿಗಿ ಬಿಟ್ಟು, ಕೊಟ್ಟೂರು, ಚಿಗಟೇರಿ ಮೇಲೆ ಹರಪನಹಳ್ಳಿ. ಮಧ್ಯಾಹ್ನ ಅದೇ ದಾರಿಯಲ್ಲಿ ವಾಪಸ್ಸು, ಸಂಜೆ ಮತ್ತೊಂದು ಸುತ್ತು. ಆ ರಸ್ತೆಯ ಮೇಲೆ ಅವನ ಹೆಸರು ಗೊತ್ತಿಲ್ಲದವರಿಗೂ “ಎಂಟೂವರೆ ಬಸ್ಸಿನ ಡ್ರೈವರ್” ಎಂದರೆ ಗೊತ್ತಾಗುತ್ತಿತ್ತು. ಚಿಗಟೇರಿಯ ಹೋಟೆಲಿನವನು ಇವನ ಹಾರ್ನ್ ಕೇಳಿಸಿದ ಮೇಲೆಯೇ ಎರಡನೇ ಸುತ್ತಿನ ಮಿರ್ಚಿ ಬಾಣಲೆಗೆ ಬಿಡುತ್ತಿದ್ದ. ಕೋರ್ಟಿಗೆ ಹೋಗುವವರು, ಆಸ್ಪತ್ರೆಗೆ ಹೋಗುವವರು, ಕಾಲೇಜಿನ ಹುಡುಗಿಯರು, ಈರುಳ್ಳಿ ಸಸಿಯ ಕಟ್ಟು ಹೊತ್ತವರು, ಎಲ್ಲರೂ ಹತ್ತುತ್ತಿದ್ದರು. ಬಾಣಂತಿ ಹತ್ತಿದರೆ ಗುಂಡಿ ಬಂದಲ್ಲೆಲ್ಲ ಬಸ್ಸನ್ನು ಕೈಹಿಡಿದು ನಡೆಸಿಕೊಂಡು ಹೋಗುವಂತೆ ದಾಟಿಸುತ್ತಿದ್ದ.

ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ ಮೇಲೆ ಹಸಿರು ಬಸ್ಸು ಬಡವಾಯಿತು. ಆರಿದ್ದ ಬಸ್ಸು ಮೂರಕ್ಕೆ ಇಳಿದವು, ಆಮೇಲೆ ಒಂದಕ್ಕೆ. ಒಂದು ಬಸ್ಸು ಮಾಯವಾದಾಗಲೆಲ್ಲ “ರಿಪೇರಿಗೆ ಹೋಗೈತಿ” ಎಂದು ಹೇಳುತ್ತಿದ್ದರು. ಹೋದದ್ದು ಬರುತ್ತಿರಲಿಲ್ಲ. ಅದರ ಡ್ರೈವರ್, ಕಂಡಕ್ಟರ್ ನಾಲ್ಕು ದಿನ ಗ್ಯಾರೇಜಿನ ಮುಂದೆ ಕೂತು, ಐದನೇ ದಿನ ತಾವೇ ಬರುವುದನ್ನು ಬಿಡುತ್ತಿದ್ದರು. ಹೋಗು ಅಂದವರೂ ಇಲ್ಲ, ಇರು ಅಂದವರೂ ಇಲ್ಲ.

ಮನೆಯಲ್ಲಿ ಹೆಂಡತಿ ಮಂಜಮ್ಮನಿಗೆ ವಿಷಯ ಹೇಳಿದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ಖಾನಾವಳಿಗಳಿಗೆ ಕಟಕ್ ರೊಟ್ಟಿ ಮಾಡಿ ಕೊಡುವುದು ಅವಳ ಕೆಲಸ. ಕೈ ನಿಲ್ಲಿಸದೆಯೇ ಕೇಳಿದಳು.

“ಮತ್ತ ಏನಂದ್ರಿ?”

“ಏನೂ ಅಂದಿಲ್ಲ.”

“ಒಪ್ಕೋಬೇಕಿತ್ತಿಲ್ರಿ! ಸ್ಟೇರಿಂಗು ಅಲ್ಲೂ ದುಂಡಗೈತಿ, ಇಲ್ಲೂ ದುಂಡಗೈತಿ. ಏನ್ ತ್ರಾಸು?”

“ಸಾವ್ಕಾರ್ರ ಮನಿ ಕಾಯಿಪಲ್ಲೆ ಚೀಲ ಹೊರಬೇಕಾಗ್ತತಿ.”

“ನಮ್ಮನಿ ಚೀಲ ಹೊರಂಗಿಲ್ಲೇನು?”

“ನಮ್ಮನಿದು ಬ್ಯಾರೆ ಬಿಡು.” ತಟ್ಟೆಯ ರೊಟ್ಟಿ ಮುರಿಯುತ್ತ ಹೇಳಿದ, “ಬಸ್ಸಿನಾಗ ಮಂದಿ ನನಗ ಕಾಯ್ತಾರ. ಕಾರಿನಾಗ ನಾನು ಮಂದಿಗೆ ಕಾಯ್ಬೇಕು.”

“ಕಾಯ್ರಿ. ಕಾಯ್ದರ ಏನ್ ಸವಿತೀರಾ? ಮಗಳದು ಇನ್ನ ಎರಡು ವರ್ಷ ಓದೈತಿ. ಆ ಬಸ್ಸು ಇವತ್ತು ಐತಿ, ನಾಳಿ ಇಲ್ಲ. ಬಸ್ಸೇನು ನಿಮ್ದಾ?”

 ಈ ಕೊನೆಯ ಮಾತಿಗೆ ಅವನು ತಟ್ಟೆ ಸರಿಸಿ ಎದ್ದ. ಮಂಜಮ್ಮ ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ ಎಂಬುದು ಅವನ ಸಿಟ್ಟಿಗೆ ಮತ್ತಷ್ಟು ತುಪ್ಪ ಸುರಿದಿತ್ತು.

ಹತ್ತು ದಿನ ಅವನು ಆ ಮಾತನ್ನು ತಲೆಯಲ್ಲಿಟ್ಟುಕೊಂಡೇ ಬಸ್ಸು ಓಡಿಸಿದ. ಮುಂದೆ ಸರ್ಕಾರಿ ಬಸ್ಸು ಬಾಗಿಲಲ್ಲಿ ಜೋತುಬಿದ್ದ ಜನರೊಂದಿಗೆ ಹೋಗುತ್ತಿತ್ತು. ತನ್ನ ಕನ್ನಡಿಯಲ್ಲಿ ನೋಡಿದರೆ ಹನ್ನೊಂದು ಮಂದಿ, ಎಲ್ಲರೂ ಗಂಡಸರು. ನಷ್ಟದ ಮಾತು ಸುಳ್ಳಲ್ಲ ಎಂದು ಅವನಿಗೂ ಕಾಣುತ್ತಿತ್ತು. ಬೆನ್ನು ಈಚೆಗೆ ಸಂಜೆಯ ಸುತ್ತಿಗೆ ಹಿಡಿದುಕೊಳ್ಳುತ್ತಿತ್ತು. ಒಂದೊಂದು ಸಲ, ಕೊಟ್ಟೂರು ದಾಟಿದ ಮೇಲೆ, ಕಾರೇ ಸೈ ಎನಿಸುತ್ತಿತ್ತು. ಆಗ ಹಿಂದಿನಿಂದ ಮೌನೇಶನ ಸೀಟಿ ಕೇಳಿಸುತ್ತಿತ್ತು.

ಮೌನೇಶ್ ಬಸ್ಸಿನ ಕಂಡಕ್ಟರ್. ಬಡಿಗೇರರ ಮನೆಯವನು, ತೆಳ್ಳಗಿನ ಮನುಷ್ಯ, ಕಿವಿಯ ಸಂದಿಯಲ್ಲಿ ಯಾವಾಗಲೂ ಪೆನ್ನು. ಇಬ್ಬರೂ ಹನ್ನೊಂದು ವರ್ಷದಿಂದ ಒಂದೇ ಬಸ್ಸಿನಲ್ಲಿದ್ದವರು. ಮೌನೇಶ್ ಒಂದು ಸೀಟಿ ಊದಿದರೆ ನಿಲ್ಲಿಸುವುದು, ಎರಡಕ್ಕೆ ಬಿಡುವುದು, ನಡುವೆ ಅವನು ಬೇಕಂತಲೇ ಎಳೆದು ಊದಿದರೆ ‘ಹಿಂದೆ ಯಾರೋ ಜಗಳಕ್ಕೆ ನಿಂತಿದ್ದಾರೆ, ಮೆಲ್ಲಗೆ ಹೋಗು’ ಎಂದು ಅರ್ಥ. ತಾನು ಕಾರಿಗೆ ಹೋದರೆ ಬಸ್ಸಿಗೆ ಡ್ರೈವರ್ ಇಲ್ಲ, ಡ್ರೈವರ್ ಇಲ್ಲದ ಬಸ್ಸಿಗೆ ಕಂಡಕ್ಟರ್ ಯಾಕೆ? ತಾನು ಹ್ಞೂಂ ಅನ್ನುವ ಒಂದೇ ಮಾತಿಗೆ ಮೌನೇಶನ ಅನ್ನ ಹೋಗುತ್ತದೆ. ಅದನ್ನು ನೆನೆದು ಬೀರಲಿಂಗೇಶ್ ಉತ್ತರ ಕೊಡದೆ ದಿನ ದೂಡಿದ. ಮೌನೇಶನಿಗೆ ಮಾತ್ರ ಏನೂ ಹೇಳಲಿಲ್ಲ. ಮೌನೇಶನೂ ಆ ದಿನಗಳಲ್ಲಿ ಯಾಕೋ ಬಿಗಿಯಾಗಿದ್ದ. ಚಹಾಕ್ಕೆ ಕರೆದರೆ “ಕುಡ್ದೀನಿ” ಅನ್ನುತ್ತಿದ್ದ.

ಇಪ್ಪತ್ತೊಂದನೇ ತಾರೀಖು ಹಂಪೇಶ್ ಬಸ್ಸನ್ನು ಬ್ರೇಕ್ ಕೆಲಸಕ್ಕೆಂದು ಗ್ಯಾರೇಜಿನೊಳಗೆ ಹಾಕಿಸಿದ. “ಎರಡು ದಿನ ಸುಮ್ನ ಯಾಕ ಕುಂದ್ರತಿ, ನಾಳಿ ಕಾರ್ ತಗಿ. ಹಡಗಲಿಗೆ ಒಂದು ನಿಶ್ಚಿತಾರ್ಥ ಐತಿ. ನಿನಗೂ ರೂಢಿ ಆಗ್ತತಿ” ಅಂದ.

ಹಡಗಲಿಯ ಮನೆಯ ಮುಂದೆ ಬೀರಲಿಂಗೇಶ್ ಮೂರು ತಾಸು ಬೇವಿನ ಗಿಡದ ಕೆಳಗೆ ನಿಂತ. ಹಣ್ಣಿನ ಬುಟ್ಟಿ ಇಳಿಸಿಕೊಟ್ಟ, ಸೀರೆಯ ತಟ್ಟೆ ಇಳಿಸಿಕೊಟ್ಟ. ಅದೇನೂ ಅವನಿಗೆ ಭಾರವಾಗಲಿಲ್ಲ. ಊಟದ ಹೊತ್ತಿಗೆ ಬಡಿಸುವವನೊಬ್ಬ ಬಂದು, “ನೀವು ಯಾರ ಡ್ರೈವರ್ರಿ?” ಎಂದು ಕೇಳಿದ.  ಯಾವ ಬಸ್ಸಿನ ಡ್ರೈವರ್ ಎಂದು ಜನ ಕೇಳಿದ್ದರು, ಯಾರ ಡ್ರೈವರ್ ಎಂದು ಹತ್ತೊಂಬತ್ತು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ. “ಕೊಟ್ಟೂರು ಸಾವ್ಕಾರ್ರದು” ಎಂದು ಕೊನೆಗೆ ಹೇಳಿದ. ಹಿಂದಿನ ಬಾಗಿಲಲ್ಲಿ ಬೇರೆ ಡ್ರೈವರುಗಳ ಸಾಲಿನಲ್ಲಿ ಕೂತು ಉಂಡ.

ವಾಪಸ್ಸು ಬರುವಾಗ, ಹಗರಿಬೊಮ್ಮನಹಳ್ಳಿ ದಾಟಿದ ಮೇಲೆ ಹಂಪೇಶನಿಗೆ ಫೋನ್ ಬಂತು. ಕಾರಿನ ಸ್ಪೀಕರಿನಲ್ಲೇ ಮಾತಾಡಿದ. ಆ ಕಡೆ ಗಾಡಿ ಬ್ರೋಕರ್.

“ಬಸ್ಸು ಒಂದನೇ ತಾರೀಖು ಕೈಗೆ ಸಿಗ್ತತಲ್ರಿ? ಅಗ್ರಿಮೆಂಟ್ ಆಗಿ ಇಪ್ಪತ್ ದಿನ ಆತು, ತಗೊಳ್ಳೋ ಪಾರ್ಟಿಯವ್ರು ದಿನಾ ಕೇಳಾಕತ್ಯಾರ.”

“ಸಿಗ್ತತಿ, ಸಿಗ್ತತಿ. ಬ್ರೇಕ್ ಮಾಡ್ಸಾಕ ಒಳಗ ಹಾಕೀನಿ. ಇನ್ನ ಲೈನಿಗೆ ಬಿಡಂಗಿಲ್ಲ ತಗೋ.”

ಫೋನು ಕಟ್ಟಾಯಿತು. ಹಂಪೇಶ್ ಮತ್ತೆ ಮೊಬೈಲು ನೋಡುತ್ತ ಕೂತ. ಮುಂದಿನ ಸೀಟಿನಲ್ಲಿ ಒಬ್ಬ ಮನುಷ್ಯನಿದ್ದಾನೆ, ಅವನಿಗೂ ಕಿವಿ ಇವೆ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ.

ಬೀರಲಿಂಗೇಶ್ ಲೆಕ್ಕ ಹಾಕಿದ. ಅಗ್ರಿಮೆಂಟ್ ಆಗಿ ಇಪ್ಪತ್ತು ದಿನ. ‘ನಿಲ್ಲಸ್ತೀವಿ ಅಂತ ನಾನೇನ್ ಅಂದಿಲ್ಲ’ ಎಂದು ಹಂಪೇಶ್ ಹೇಳಿ ಹತ್ತು ದಿನ. ಅಂದರೆ ಆವತ್ತಿಗಾಗಲೇ ಬಸ್ಸು ಮಾರಿ ಮುಗಿದಿತ್ತು. ತಾನು ಹತ್ತು ದಿನ ಉಂಡ ಅನ್ನ ಮೈಗೆ ಹತ್ತದಂತೆ ಯೋಚನೆ ಮಾಡಿದ್ದು ಇಲ್ಲದ ಬಸ್ಸಿಗಾಗಿ.

“ಸಣ್ಣ ಸಾವ್ಕಾರ್ರ,” ಎಂದ, ರಸ್ತೆಯಿಂದ ಕಣ್ಣು ತೆಗೆಯದೆ. “ನನಗ ಯೋಚನಿ ಮಾಡು ಅಂದ್ರಿ. ಎದರ ಬಗ್ಗೆ ಯೋಚನಿ ಮಾಡ್ಲಿ ಅಂತ ಅಂದ್ರಿ?”

ಹಂಪೇಶ್ ತಲೆಯೆತ್ತಿದ. ಒಂದು ಗಳಿಗೆ ಅವನಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಸಿಂಡರಿಸಿದ.

“ನೋಡು ಬೀರಾ, ಬಸ್ಸು ನಂದು. ಮಾರ್ತೀನಿ, ಇಟ್ಕೋತೀನಿ. ನಿನಗ ಕೇಳಿ ಮಾರ್ಬೇಕಿತ್ತೇನು?”

“ಕೇಳ್ಬ್ಯಾಡ್ರಿ. ಹೇಳ್ಬೇಕಿತ್ತು.”

“ಈಗ ಗೊತ್ತಾತಲ್ಲ, ಬಿಡು.”

ಬೀರಲಿಂಗೇಶ್ ಕಾರನ್ನು ನಡುದಾರಿಯಲ್ಲಿ ನಿಲ್ಲಿಸಲಿಲ್ಲ. ಬ್ರೇಕನ್ನೂ ಒದೆಯಲಿಲ್ಲ. ಸಾಹುಕಾರರ ಮನೆಯ ಗೇಟಿನೊಳಗೆ ನೆಟ್ಟಗೆ ತಂದು ನಿಲ್ಲಿಸಿ, ಕೀಲಿ ಕೈಗೆ ಕೊಟ್ಟು ಸೀದಾ ಮೌನೇಶನನ್ನು ಹುಡುಕಿಕೊಂಡು ಹೋದ.

ಮೌನೇಶ್ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿದ್ದ. ಇವನನ್ನು ಕಂಡು ಮುಖ ತಿರುಗಿಸಿದ.

“ಲೇ ಮೌನ್ಯಾ, ಬಸ್ಸು ಮಾರ್ಯಾರಲೇ.”

“ಗೊತ್ತೈತಿ ಬಿಡು ನಿನಗ. ನೀನು ಕಾರಿನಾವ. ನನಗ್ಯಾಕ ಈಗ ಬಂದು ಹೇಳ್ತಿ?”

“ಯಾವ ಕಾರಿನಾವಲೇ?”

“ಹತ್ತು ದಿನದ ಹಿಂದೇ ಕಾರಿಗೆ ಒಪ್ಕೊಂಡಿ. ಹನ್ನೊಂದು ವರ್ಷ ಬೆನ್ನ ಹಿಂದ ನಿಂತಾವ ನಾನು, ನನಗೊಂದು ಮಾತು ಹೇಳಲಿಲ್ಲ. ಸಣ್ಣ ಸಾವ್ಕಾರ ಕರೆದು, ‘ಬೀರ ಕಾರಿಗೆ ಬರಾಕತ್ಯಾನ, ಬಸ್ಸಿಗೆ ಡ್ರೈವರಿಲ್ಲ, ನೀನು ನಮ್ಮ ಪೆಟ್ರೋಲ್ ಬಂಕಿಗೆ ಹೋಗು’ ಅಂದ. ನಾನೂ ಹ್ಞೂಂ ಅಂದೆ. ಇನ್ನೇನ್ ಮಾಡ್ಲಿ?”

ಬೀರಲಿಂಗೇಶನಿಗೆ ಮೊದಲು ಸಿಟ್ಟು ಬಂದದ್ದು ಮೌನೇಶನ ಮೇಲೆಯೇ. ಇವನಿಗಾಗಿ ತಾನು ಹೆಂಡತಿಯ ಕೈಲಿ ಬೈಸಿಕೊಂಡು ಉತ್ತರ ಕೊಡದೆ ಕೂತಿದ್ದರೆ, ಇವನು ಬಂಕಿಗೆ ಒಪ್ಪಿ ಸುಮ್ಮನಿದ್ದಾನೆ. ಅಂಗಡಿಯವನು ಗಲ್ಲಾ ಬಿಟ್ಟು ಎದ್ದು ಬರುವಷ್ಟು ಇಬ್ಬರೂ ಕೂಗಾಡಿದರು. “ನಿನ್ನ ಸಲುವಾಗಿ ನಾನು ಇವತ್ತಿನ ತನಕ ಒಪ್ಪಿಲ್ಲಲೇ” ಎಂದು ಬೀರಲಿಂಗೇಶ್ ಟೇಬಲ್ ಗುದ್ದಿದ. ಗ್ಲಾಸು ಉರುಳಿತು.

ಮೌನೇಶ್ ಅವನ ಕಿವಿ ನೋಡಿದ. ಹನ್ನೊಂದು ವರ್ಷ ಹಿಂದಿನಿಂದ ನೋಡಿದ ಕಿವಿ. ಸುಳ್ಳಲ್ಲ ಎಂದು ಅವನಿಗೆ ಗೊತ್ತಾಯಿತು.

“ಒಪ್ಪಿಲ್ಲ?”

“ಒಪ್ಪಿಲ್ಲ.”

“ಹಂಗಾದ್ರ ಆ ಮಗ ನನಗ…” ಮೌನೇಶ್ ಕಿವಿಯ ಪೆನ್ನು ತೆಗೆದು ಜೇಬಿಗೆ ಹಾಕಿಕೊಂಡ.

ಮರುದಿನ ಬೆಳಿಗ್ಗೆ ಇಬ್ಬರೂ ಸಾಹುಕಾರರ ಮನೆಗೆ ಹೋದರು. ನಾಗೇಂದ್ರಪ್ಪನವರು ವಿಭೂತಿ ಹಚ್ಚಿಕೊಂಡು ಪಡಸಾಲೆಯಲ್ಲಿ ಪೇಪರ್ ಹಿಡಿದು ಕೂತಿದ್ದರು. ಒಂದೇ ಬಸ್ಸಿನಿಂದ ಆರು ಬಸ್ಸು ಮಾಡಿದ ಮನುಷ್ಯ. ಮೊದಲ ಬಸ್ಸಿಗೆ ಅವರೇ ಕಂಡಕ್ಟರ್ ಆಗಿದ್ದರಂತೆ. ಬೀರಲಿಂಗೇಶನಿಗೆ ಅವರ ಮೇಲೆ ಭಕ್ತಿಯೇ ಇತ್ತು. ಅವರ ಹೆಂಡತಿಗೆ ಎದೆನೋವು ಬಂದ ದಿನ ಬಸ್ಸನ್ನೇ ತಿರುಗಿಸಿಕೊಂಡು ದಾವಣಗೆರೆಗೆ ಓಡಿಸಿದವನು ಇವನೇ.

ನಡೆದದ್ದನ್ನು ಬೀರಲಿಂಗೇಶ್ ಹೇಳಿದ. ಕೂಗಲಿಲ್ಲ. ಕೇಳಿಸಿಕೊಂಡು ಮುದುಕರು ಪೇಪರನ್ನು ನಾಲ್ಕು ಮಡಿಕೆ ಮಾಡಿದರು.

“ಏನೋಪ, ಈಗಿನ ಹುಡುಗ್ರು. ವ್ಯವಹಾರ ಎಲ್ಲ ಅವನ ಕೈಯಾಗ ಕೊಟ್ಟೀನಿ.”

“ನಿಮಗ ಗೊತ್ತಿತ್ತಾ ಇಲ್ಲಾ, ಅಷ್ಟು ಹೇಳ್ರಿ ಅಪ್ಪಾರ.”

ಮುದುಕರು ಮಡಿಸಿದ ಪೇಪರನ್ನು ಮತ್ತೆ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದರು. ಅದು ಬೀರಲಿಂಗೇಶನಿಗೆ ಕಾರಿನಲ್ಲಿ ಕೇಳಿದ ಮಾತಿಗಿಂತ ಹೆಚ್ಚು ಚುಚ್ಚಿತು. ಅಷ್ಟರಲ್ಲಿ ಹಂಪೇಶ್ ಒಳಗಿನಿಂದ ಟವೆಲ್ಲಿನಲ್ಲಿ ತಲೆ ಒರೆಸಿಕೊಳ್ಳುತ್ತ ಬಂದ.

“ಏನ್ ಪಂಚಾಯ್ತಿ ಇದು? ಇಬ್ರಿಗೂ ಕೆಲಸ ಕೊಟ್ಟೀನಿ. ಬೀದಿಗೆ ಹಾಕೀನೇನು?”

“ಅವನಿಗೆ ನನ್ನ ಹೆಸರು ಹೇಳಿ ಸುಳ್ಳು ಹೇಳಿದ್ರಿ,” ಎಂದ ಬೀರಲಿಂಗೇಶ್. “ಯಾಕ್ರಿ?”

“ಇಬ್ರೂ ಕೂಡಿ ಬಂದು ಗಲಾಟಿ ಮಾಡ್ತೀರಿ ಅಂತ. ನೋಡು, ಈಗ ಅದನ್ನೇ ಮಾಡಾಕತ್ತೀರಿ.”

ಅಷ್ಟು ಸಲೀಸಾಗಿ ಅವನು ಒಪ್ಪಿಕೊಂಡದ್ದನ್ನು ಕೇಳಿ ಮೌನೇಶ್ ನಕ್ಕುಬಿಟ್ಟ. ಬೀರಲಿಂಗೇಶ್ ನಗಲಿಲ್ಲ.

“ಕಾರು ನನಗ ಬ್ಯಾಡ್ರಿ.”

“ಸಿಟ್ಟಿನ್ಯಾಗ ಹೇಳ್ಬ್ಯಾಡ. ಮನಿಗೆ ಹೋಗು, ನಾಳಿ ಹೇಳು.”

“ಸಿಟ್ಟಿನ್ಯಾಗೇ ಹೇಳಾಕತ್ತೀನ್ರಿ. ಸಿಟ್ಟು ಇಳಿದ್ರ ಒಪ್ಕೊಂಡ್ಬಿಡ್ತೀನಿ, ಮನ್ಯಾಗ ಕಷ್ಟ ಐತಿ. ಅದಕ್ಕ ಈಗ್ಲೇ ಹೇಳಾಕತ್ತೀನಿ, ಒಲ್ಲೆ. ಒಂದು ಕೇಳ್ಕೋತೀನಿ. ಬಸ್ಸು ಕೊಡಾಕ ಇನ್ನ ಎಂಟು ದಿನ ಐತಿ. ಆ ಎಂಟು ದಿನ ಲೈನಿಗೆ ಬಿಡ್ರಿ.”

“ಯಾಕ? ಡೀಸೆಲ್ ಸುಡಾಕ?”

“ಹತ್ತೊಂಬತ್ತು ವರ್ಷ ಆ ರಸ್ತೆ ಮ್ಯಾಲ ಮಂದಿ ನಿಂತಾರ್ರಿ. ನಾಳಿನೂ ನಿಂತಿರ್ತಾರ. ಬಸ್ಸು ಬರಂಗಿಲ್ಲ ಅಂತ ಯಾರರ ಹೇಳ್ಬೇಕಲ್ಲ. ನೀವು ನಮಗ ಹೇಳಲಿಲ್ಲ. ನಾವು ಅವರಿಗೆ ಹೇಳಿ ನಿಲ್ಲಸ್ತೀವಿ.”

ಹಂಪೇಶ್ ಏನೋ ಹೇಳಲು ಬಾಯಿ ತೆರೆದ. ಮುದುಕರು ಅವನತ್ತ ನೋಡದೆ, “ಓಡ್ಲಿ ಬಿಡು ಎಂಟು ದಿನ” ಎಂದರು. ಬೀರಲಿಂಗೇಶನ ಮುಖವನ್ನು ಮಾತ್ರ ನೋಡಲಿಲ್ಲ. ಇವನೂ ಕಾಲು ಮುಟ್ಟದೆ ಬಂದ. ಆ ಮನೆಯಿಂದ ಹಾಗೆ ಬಂದದ್ದು ಅದೇ ಮೊದಲು.

ಎಂಟು ದಿನ ಹಸಿರು ಬಸ್ಸು ಪ್ರತಿ ಸ್ಟಾಪಿನಲ್ಲೂ ನಿಂತಿತು, ಜನ ಇದ್ದರೂ ಇಲ್ಲದಿದ್ದರೂ. ಮೌನೇಶ್ ಕೆಳಗಿಳಿದು ಹೇಳುತ್ತಿದ್ದ, “ಒಂದನೇ ತಾರೀಖಿನಿಂದ ಈ ಬಸ್ಸು ಇರಂಗಿಲ್ರಿ, ಬ್ಯಾರೆ ನೋಡ್ಕೋರಿ.” ಬೀರಲಿಂಗೇಶ್ ತನ್ನ ಕಡೆಯ ಕಿಟಕಿಯಿಂದ ಎದುರು ಬಂದ ಆಟೊದವರಿಗೆ, ಕಿರಾಣಿ ಅಂಗಡಿಯವರಿಗೆ, ಕಟ್ಟೆಯ ಮೇಲೆ ಕೂತವರಿಗೆ ಹೇಳಿದ. ಕೆಲವರು ಅಯ್ಯೋ ಅಂದರು. ಕೆಲವರು “ನಿಮ್ಮ ಬಸ್ಸು ಇನ್ನ ಓಡ್ತಿತ್ತೇನು?” ಅಂದರು. ಚಿಗಟೇರಿಯ ಹೋಟೆಲಿನವನು ಮಿರ್ಚಿಗೆ ರೊಕ್ಕ ತಗೊಳ್ಳಲಿಲ್ಲ.

ಚಿಗಟೇರಿಯಲ್ಲೇ ಪಂಪಮ್ಮ ಸಿಕ್ಕಳು. ಹರಪನಹಳ್ಳಿಗೆ ಸೊಪ್ಪು ಮಾರಲು ಹೋಗುವ ಮುದುಕಿ. ಹತ್ತು ವರ್ಷ ಇದೇ ಬಸ್ಸಿನ ಮೊದಲ ಸೀಟಿನಲ್ಲಿ ಕೂತವಳು ಈಚೆಗೆ ಕಾಣೆಯಾಗಿದ್ದಳು. ಬುಟ್ಟಿ ಇಳಿಸಿಕೊಂಡು ಸರ್ಕಾರಿ ಬಸ್ಸಿಗೆ ಕಾಯುತ್ತ ನಿಂತಿದ್ದಳು. ಬೀರಲಿಂಗೇಶನಿಗೆ ಅಷ್ಟೂ ದಿನದ ಸಿಟ್ಟು ಅವಳ ಮೇಲೆ ತಿರುಗಿತು.

“ನೋಡಬೇ, ನಿಮ್ಮಂಥವ್ರು ಬಿಟ್ಟಿದ್ದಕ್ಕ ಬಸ್ಸು ನಿಂತತಿ.”

ಪಂಪಮ್ಮ ಹೆದರಲಿಲ್ಲ. “ಹೌದಪ್ಪ, ಬಿಟ್ಟೀನಿ. ಅಲ್ಲಿ ಆಧಾರ್ ಕಾರ್ಡ್ ತೋರಿಸಿದ್ರ ಪುಕ್ಕಟ್ಟಿ. ಉಳಿದ ರೊಕ್ಕದಾಗ ಗುಳಿಗಿ ತಗೋತೀನಿ, ಮಂಡಿ ನೋವಿಗೆ. ನಿನ್ನ ಬಸ್ಸು ಛಲೋ ಇತ್ತು, ಯಾರಿಲ್ಲ ಅಂದ್ರು? ಬಸ್ಸು ಯಾರು ನಿಲ್ಲಿಸ್ಯಾರೋ ಅವರಿಗೆ ಬೈ. ನನಗ ಬೈದ್ರ ಏನ್ ಬರ್ತತಿ?”

ಬೀರಲಿಂಗೇಶ್ ಗೇರು ಹಾಕಿದ. ಮೂರು ಕಿಲೋಮೀಟರ್ ಹೋದ ಮೇಲೆ, ಹಿಂದೆ ತಿರುಗದೆ, “ಖರೇನ ಹೇಳಿದ್ಲು ಮುದುಕಿ” ಎಂದು ಮೌನೇಶನಿಗೆ ಕೇಳುವಂತೆ ಅಂದ.

ಮೂವತ್ತನೇ ತಾರೀಖು ಸಂಜೆ ಬಸ್ಸನ್ನು ಗ್ಯಾರೇಜಿಗೆ ಬಿಟ್ಟು ಇಬ್ಬರೂ ನಡೆದೇ ಮನೆಗೆ ಹೋದರು. ಮೌನೇಶ್ ಪೆಟ್ರೋಲ್ ಬಂಕಿಗೆ ಹೋಗಲೇಬೇಕಾಯಿತು. ಎರಡು ಹೆಣ್ಣುಮಕ್ಕಳ ತಂದೆ. “ನಿನ್ನಂಗ ಒಲ್ಲೆ ಅನ್ನಾಕ ನನಗ ಧೈರ್ಯ ಇಲ್ಲೋ” ಎಂದ. “ಇದ್ರಾಗ ಧೈರ್ಯ ಎಲ್ಲೈತಿ, ಬರೇ ಸಿಟ್ಟು” ಎಂದ ಬೀರಲಿಂಗೇಶ್.

ಆಮೇಲೆ ಐದು ವಾರ ಅವನು ಮನೆಯಲ್ಲಿ ಕೂತ. ಮಂಜಮ್ಮ ಮೊದಲ ವಾರ ಮಾತು ಬಿಟ್ಟಳು, ಎರಡನೇ ವಾರ ಬೈದಳು. ಹಂಪೇಶ್ ಮಾಡಿದ ಆಟ ಮೌನೇಶನ ಹೆಂಡತಿಯ ಬಾಯಿಂದ ಪೂರ್ತಿ ಕೇಳಿದ ದಿನ ಮಾತ್ರ ರೊಟ್ಟಿಯನ್ನು ಎಂದಿಗಿಂತ ಜೋರಾಗಿ ಬಡಿದು, “ನಾನಾಗಿದ್ರ ಆ ಕಾರಿನ ಕೀಲಿ ಬಾವಿಗೆ ಒಗದು ಬರ್ತಿದ್ದೆ” ಅಂದಳು. ಅಂದ ಮೇಲೂ ಕಷ್ಟ ಕಷ್ಟವೇ ಆಗಿತ್ತು. ಬೀರಲಿಂಗೇಶ್ ಹರಪನಹಳ್ಳಿ, ಹೊಸಪೇಟೆ ತಿರುಗಿದ. ಲಾರಿಯವರು ವಯಸ್ಸು ಕೇಳಿದರು. ಕೊನೆಗೆ ತೆಲಿಗಿ ಕಡೆಯ ಒಂದು ಬಟ್ಟೆ ಹೊಲಿಯುವ ಫ್ಯಾಕ್ಟರಿಗೆ ಸುತ್ತಲಿನ ಹಳ್ಳಿಗಳಿಂದ ಹೆಣ್ಣುಮಕ್ಕಳನ್ನು ಕರೆತರುವ ಬಸ್ಸಿಗೆ ಡ್ರೈವರ್ ಬೇಕೆಂದು ಗೊತ್ತಾಗಿ ಅಲ್ಲಿ ಸೇರಿದ. ಪಗಾರ ಮೊದಲಿಗಿಂತ ಕಡಿಮೆ. ನಸುಕಿನಲ್ಲೇ ಏಳಬೇಕು, ಹರಪನಹಳ್ಳಿಯಲ್ಲಿ ಒಂದು ಕೋಣೆ ಮಾಡಿಕೊಂಡು ವಾರಕ್ಕೊಮ್ಮೆ ಮನೆಗೆ ಬರಬೇಕು. ಸೇರಿದ ದಿನವೇ ಮ್ಯಾನೇಜರಿಗೆ ಹೇಳಿದ, “ಬಸ್ಸು ನಿಲ್ಸೋದಿದ್ರ ತಿಂಗಳ ಮೊದ್ಲು ನನಗ ಹೇಳ್ಬೇಕ್ರಿ. ಮುಖ ನೋಡಿ ಹೇಳ್ಬೇಕು.” ಮ್ಯಾನೇಜರ್ ವಿಚಿತ್ರವಾಗಿ ನೋಡಿ ಆಗಲಿ ಎಂದ.

ಒಂದು ಭಾನುವಾರ ಊರಿಗೆ ಬಂದವನು ಬಂಕಿನ ಹತ್ತಿರ ಮೌನೇಶನನ್ನು ನೋಡಲು ನಿಂತ. ಮೌನೇಶ್ ಬಂಕಿನ ಯೂನಿಫಾರ್ಮ್ ಹಾಕಿಕೊಂಡು ಬೈಕಿಗೆ ಪೆಟ್ರೋಲ್ ಹಾಕುತ್ತಿದ್ದ.

“ಸಣ್ಣ ಸಾವ್ಕಾರ ಮೊನ್ನೆ ಬಂದಿದ್ದ,” ಎಂದ. “ತಾನೇ ಕಾರ್ ಓಡಿಸ್ಕೊಂಡು. ಎರಡು ಡ್ರೈವರ್ ಬಿಟ್ಟು ಹೋದ್ರಂತ. ನಿನ್ನ ಕೇಳಿದ.”

“ಏನಂತ?”

“ಬೀರ ಎಲ್ಲಿ ಅದಾನ, ಬರ್ತಾನೇನು ಅಂತ.”

“ನೀನೇನಂದಿ?”

“ತೆಲಿಗಿ ರೋಡಿನ್ಯಾಗ ಅದಾನ್ರಿ, ಐವತ್ತು ಮಂದಿ ಅವನಿಗೆ ಕಾಯ್ತಾರ ಅಂದೆ.”

“ನಲವತ್ತೆರಡೇ ಸೀಟಲೇ.”

“ಇರ್ಲಿ ಬಿಡು, ಎಂಟು ಮಂದಿ ನಿಂತ್ಕೊಂಡು ಬರ್ಲಿ,” ಎಂದು ಮೌನೇಶ್ ಮುಂದಿನ ಗಾಡಿಯ ಕಡೆ ಹೋದ.